ಕೊಬ್ಬರಿ ಅಟ್ಟದಲ್ಲಿ ಕೆಂದನ ಕೊಂಬು

ತೋಟದ ಮನೆ, ನೊಣವಿನಕೆರೆ ದಾರಿ
ಶುಕ್ರವಾರ, ಬೆಳಗಿನ ಕಾಫಿ ಆದ ಮೇಲೆ

ನನ್ನ ಮುದ್ದು ತಮ್ಮ ಮಹಾಂತುವಿಗೆ ಅಕ್ಕ ಸೌಮ್ಯಳಿಂದ ತಲೆ ಸವರಿದ ಆಶೀರ್ವಾದ. (ಸವರಬೇಕೋ ಮೊಟಕಬೇಕೋ ಎಂಬುದು ಕಾಗದ ಮುಗಿಯುವ ಹೊತ್ತಿಗೆ ತೀರ್ಮಾನವಾಗುತ್ತದೆ.)

ಬೋರನಕಣಿವೆಯ ಹಿನ್ನೀರಿನ ದಡದಲ್ಲಿ, ನಮ್ಮ ಗುರುಸಿದ್ದಮ್ಮತ್ತೆಯ ಮನೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ವಿರಾಜಮಾನನಾಗಿರುವ ನಿನ್ನ ಸನ್ನಿಧಾನಕ್ಕೆ ಈ ಮೂಲಕ ಅರಿಕೆ ಮಾಡಿಕೊಳ್ಳುವ ಮಹತ್ವದ ವಾರ್ತೆ ಏನೆಂದರೆ, ನಮ್ಮ ಮನೆಯ ಬೂದಿ ಬೆಕ್ಕು ಸುಖವಾಗಿ ಹೆತ್ತಿದೆ. ಮರಿಗಳು ಮೂರು. ತಾಯಿ ಮಕ್ಕಳು ಕ್ಷೇಮ. ತಂದೆ ಯಾರೆಂಬ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿದ್ದು, ಶೆಟ್ಟಿಕೆರೆ ಕಡೆಯ ಹಾಲಿನ ವ್ಯಾನಿನ ಜೊತೆ ಬರುವ ಗಡವ ಬೆಕ್ಕಿನ ಮೇಲೆ ಬಲವಾದ ಅನುಮಾನವಿದೆ. ಎರಡು ಮರಿ ಕಣ್ಣು ಬಿಟ್ಟಿವೆ. ಮೂರನೆಯದು ನಿನ್ನ ಹಾಗೆ. ಸುತ್ತ ಏನು ನಡೆಯುತ್ತಿದೆ ಎಂದು ನೋಡಲು ಅದಕ್ಕಿನ್ನೂ ಮನಸ್ಸು ಬಂದಿಲ್ಲ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಸ್ವಿಚ್ ಆಫ್ ಆಗಿದೆ ಎಂದು ಯಾರೋ ಒಬ್ಬ ಹೆಂಗಸು ಎಲ್ಲಾ ಭಾಷೆಯಲ್ಲೂ ಹೇಳುತ್ತಾಳೆ. ಅವಳಷ್ಟು ತಾಳ್ಮೆ ನನಗಿಲ್ಲ. ಅದಕ್ಕೇ ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಒಂದೇ ಒಂದು ಷರತ್ತು. ಕಥೆಪುಸ್ತಕ ಸಿಕ್ಕಿದರೆ ಮೊದಲು ಕೊನೆಯ ಪುಟ ತಿರುಗಿಸುವುದು ನಿನ್ನ ಹಳೆಯ ಚಾಳಿ. ಈ ಸಲ ಅದು ನಡೆಯಕೂಡದು. ಸಾಲಾಗಿ ಓದು. ಈ ಕಾಗದ ಯಾರ ಕೈಯಲ್ಲಿ ಬಂತು ಎಂಬುದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ನಂಬಿಕಸ್ತರು, ಸದ್ಯಕ್ಕೆ ಅಷ್ಟು ಸಾಕು.

ನೀನು ಅಲ್ಲಿರುವುದು ನನಗೆ ಹೇಗೆ ತಿಳಿಯಿತು ಎಂದು ಹುಬ್ಬೇರಿಸಬೇಡ. ಅತ್ತೆಯೇ ಫೋನು ಮಾಡಿದ್ದರು. ನಾನು ಹಲೋ ಅನ್ನುವ ಮೊದಲೇ, “ನಮ್ಮನೇಲಿ ಯಾರೂ ಇಲ್ಲ ಕಣೇ ಸೌಮ್ಯಾ, ನಾನೊಬ್ಳೇ ಇರಾದು” ಅಂದರು. ಯಾರಾದರೂ ಇದ್ದಾರಾ ಎಂದು ನಾನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಆ ಕಡೆ ಯಾರೋ ಸೀನಿದರು. “ಅದು ಕರಿಯ ಕಣೇ” ಅಂದರು. ಅತ್ತೆಯ ನಾಯಿ ಕರಿಯ ನನಗೆ ಗೊತ್ತಿಲ್ಲವೇ? ಕರೆಂಟ್ ಮೀಟರ್ ಓದಲು ಬಂದವನ ಖಾಕಿ ಪ್ಯಾಂಟನ್ನು ಮಂಡಿಯವರೆಗೆ ಹರಿದ ಪರಾಕ್ರಮಿ. ಆದರೆ ಸೀನಿದ ಮೇಲೆ “ಶಿವಾ” ಅನ್ನುವಷ್ಟು ಭಕ್ತಿ ಆ ನಾಯಿಗೆ ಯಾವಾಗ ಬಂತು, ಅದೇ ನನಗೆ ಆಶ್ಚರ್ಯ.

ಮತ್ತೆ ಬೆಕ್ಕಿನ ವಿಷಯಕ್ಕೆ ಬರುತ್ತೇನೆ. ಅದು ಹೆತ್ತದ್ದು ಎಲ್ಲಿ ಗೊತ್ತೇ? ನಮ್ಮ ಕೊಬ್ಬರಿ ಅಟ್ಟದಲ್ಲಿ. ಅಡುಗೆಮನೆಯ ಮೇಲಿನ ಆ ಮೂಲೆಯಲ್ಲಿ.

ಈಗ ನಿನ್ನ ಮುಖ ಹೇಗಾಗಿದೆ ಎಂದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಕೂತುಕೋ. ನೀರು ಕುಡಿ.

ಅಟ್ಟ ಎಂದರೆ ಏನು ಎಂಬುದು ನಿನಗೆ ಮರೆತಂತಿದೆ, ಆದ್ದರಿಂದ ಮಾವನವರ ಬಾಯಲ್ಲಿ ಕೇಳಿದ್ದನ್ನು ಮತ್ತೊಮ್ಮೆ ಒಪ್ಪಿಸುತ್ತೇನೆ. ಕಾಯಿ ಏರಿಸಿದ ಮೇಲೆ ಹೆಚ್ಚೂ ಕಡಿಮೆ ಒಂದು ವರ್ಷ ಅದನ್ನು ಯಾರೂ ಕೆದಕುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ತಾನಾಗಿ ಕರಟ ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕೊಬ್ಬರಿ ಉಂಡೆ ಒಳಗೇ ಲೊಟಲೊಟ ಅನ್ನಬೇಕು. ಅಲ್ಲಿಯ ತನಕ ಅಟ್ಟಕ್ಕೆ ಒಂದು ಹನಿ ನೀರು ಸೋಕಿದರೂ ಕಾಯಿ ಕೊಳೆತು ಕೌಟು ನಾತ ಹೊಡೆಯುತ್ತದೆ, ಒಂದರಿಂದ ಪಕ್ಕದ್ದಕ್ಕೆ ಹಬ್ಬುತ್ತದೆ. ಒದ್ದೆ ಕಾಲಿನಲ್ಲಿ ಏಣಿ ಮುಟ್ಟಿದ್ದಕ್ಕೆ ಮಾವನವರು ನಿನಗೆ ಊರೆಲ್ಲ ಕೇಳುವಂತೆ ಮಂಗಳಾರತಿ ಎತ್ತಿದ್ದು ನೆನಪಿದೆಯಲ್ಲ? “ಲೇ ಮಾಂತಾ, ಅಟ್ಟ ಅಂದ್ರೆ ಗರ್ಭಗುಡಿ ಕಣ್ಲಾ!”

ಏನನ್ನಾದರೂ ಬಚ್ಚಿಡಬೇಕು ಎನ್ನುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲೇ ಇಲ್ಲ, ಒಪ್ಪುತ್ತೇನೆ. ಬೇರೆ ಸೀಮೆಯ ಕಳ್ಳನಿಗೆ ಇದು ಹೊಳೆಯುವುದೂ ಇಲ್ಲ. ತೆಂಗಿನ ಮನೆಯಲ್ಲಿ ಬೆಳೆದ ತಲೆಗೇ ಹೊಳೆಯಬೇಕು. ಆದರೆ ತೆಂಗಿನ ಮನೆಯಲ್ಲಿ ಬೆಳೆದ ಅದೇ ತಲೆ, ಒದ್ದೆ ಗೋಣಿ ಸುತ್ತಿದ ಗಂಟನ್ನು ತಂದು ಕೊಬ್ಬರಿ ಅಟ್ಟದಲ್ಲಿ ಇಡುತ್ತದೆಯೇನೋ? ಒಣಗಿದರೆ ಬಿರುಕು ಬಿಡುತ್ತದೆ, ಒದ್ದೆಯಾಗಿಡು ಎಂದು ನಿನ್ನ ಆ ಗೆಳೆಯ ತಿಲಕ್ ಹೇಳಿದ್ದನೋ ಏನೋ. ಅವನು ಹೇಳಿದ, ನೀನು ಮಾಡಿದೆ. ಅವನಿಗೆ ಎಳನೀರು ಕೊಚ್ಚುವುದು ಬಿಟ್ಟರೆ ಕಾಯಿಯ ಕಷ್ಟಸುಖ ಏನು ಗೊತ್ತು!

ಮೊದಲ ಮಳೆ ಬಿದ್ದ ವಾರದಿಂದ ಮಾವ ಶುರು ಮಾಡಿದರು. “ಸೌಮ್ಯಮ್ಮ, ಅಟ್ಟದಾಗೆ ಕೌಟು ಐತೆ ಕಣವ್ವ.” ಬೆಕ್ಕು ಹೆತ್ತಿದೆ ಮಾವ, ಅದರ ವಾಸನೆ ಎಂದೆ. “ಬೆಕ್ಕಿನ ನಾತ ಬ್ಯಾರೆ, ಕೌಟಿನ ನಾತ ಬ್ಯಾರೆ. ನನ್ ಕಣ್ಣಿಗೆ ಪೊರೆ ಬಂದೈತೆ, ಮೂಗಿಗೆ ಬಂದಿಲ್ಲ.” ಊಟಕ್ಕೆ ಕೂತರೂ ಅದೇ ಮಾತು, ಪೂಜೆಗೆ ಕೂತರೂ ಅದೇ ಮಾತು. ಕೊನೆಗೆ ಸೆರಗು ಕಟ್ಟಿ ನಾನೇ ಏಣಿ ಹತ್ತಿದೆ.

ಬೆಕ್ಕು ಪ್ಲಾಸ್ಟಿಕ್ ಹಾಳೆಯನ್ನು ಕೆರೆದು ಹರಿದು, ಒಳಗಿನ ಗೋಣಿಯನ್ನು ಎಳೆದು ಹಾಸಿಗೆ ಮಾಡಿಕೊಂಡಿತ್ತು. ಸುತ್ತಲಿನ ಕಾಯಿಗಳಿಗೆಲ್ಲ ಬೂಷ್ಟು. ಮಾವನವರ ಮೂಗು ಗೆದ್ದಿತು. ಮರಿಗಳನ್ನು ಮೊರದಲ್ಲಿಟ್ಟು, ಗಂಟನ್ನು ಏಣಿಯ ಮೇಲೆ ಜಾರಿಸಿದೆ. ಏನು ಭಾರ ಅಂತೀಯ! ನಾನು ಕೆಳಗಿಳಿಯುವಷ್ಟರಲ್ಲಿ ಮಾವ ನೆಲದಲ್ಲಿ ಕೂತು ಹಗ್ಗ ಬಿಚ್ಚಿ ಎರಡೂ ಕೈಯಿಂದ ತಡವುತ್ತಿದ್ದರು. ಉದ್ದ, ನುಣುಪು, ತಣ್ಣಗೆ, ತುದಿಯಲ್ಲಿ ಬಾಗಿದ್ದು. ಒಂದಲ್ಲ, ಜೋಡಿ. ಅವರ ಮುಖ ಮದುವೆ ಗಂಡಿನ ಹಾಗೆ ಅರಳಿತು.

“ನಮ್ ಕೆಂದನ ಕೊಂಬು ಕಣವ್ವ! ಅಟ್ಟದಾಗೆ ಇಟ್ಟಿದೀನಿ ಅಂದ್ರೆ ನಂಬಿದ್ರಾ ಯಾರಾದ್ರೂ? ನಗ್ತಿದ್ರಿ. ಈಗ ನಗ್ರಿ!”

ಕೆಂದ ನಿನಗೆ ಗೊತ್ತು. ನೀನೂ ನಾನೂ ನೋಡಿಲ್ಲ, ಆದರೆ ಈ ಮನೆಯಲ್ಲಿ ಊಟ ಮಾಡಿದವರೆಲ್ಲ ಕೆಂದನ ಕಥೆಯನ್ನೂ ಉಂಡೇ ಎದ್ದಿದ್ದಾರೆ. ಮಾವನವರ ಯೌವನದ ಹಳ್ಳಿಕಾರ್ ಎತ್ತು. ಸತ್ತ ಮೇಲೆ ಅದರ ಕೊಂಬನ್ನು ಅಟ್ಟದಲ್ಲಿ ಜೋಪಾನ ಮಾಡಿದ್ದೇನೆ ಎನ್ನುವುದು ಅವರ ವಾದ. ಅಟ್ಟ ಎಷ್ಟು ಸಲ ಖಾಲಿಯಾದರೂ ಅದು ಯಾರಿಗೂ ಸಿಕ್ಕಿರಲಿಲ್ಲ ಎನ್ನುವುದು ನಮ್ಮ ವಾದ.

ನನಗೆ ಕಂಡ ಕ್ಷಣವೇ ಗೊತ್ತಾಯಿತು. ಮೈಸೂರಿನ ಮೃಗಾಲಯಕ್ಕೆ ಶಾಲೆಯಿಂದ ಪ್ರವಾಸ ಹೋದ ಯಾವ ಹುಡುಗಿಗೂ ಗೊತ್ತಾಗುವಂಥದ್ದು ಅದು. ಮಾವನವರ ಹಿಂದೆ ನಿಂತಿದ್ದ ನಿನ್ನ ಭಾವನಿಗೂ ಗೊತ್ತಾಯಿತು. ಅವರು ಬಾಗಿಲು ಹಾಕಿದರು, ಆಮೇಲೆ ಕಿಟಕಿ ಹಾಕಿದರು, ಆಮೇಲೆ ಯಾಕೋ ಟಿ.ವಿ.ಯನ್ನೂ ಆರಿಸಿದರು.

ಯಾರು ಇಟ್ಟದ್ದು ಎಂದು ನಾವಿಬ್ಬರೂ ಬಾಯಿ ಬಿಟ್ಟು ಕೇಳಿಕೊಳ್ಳಲಿಲ್ಲ. ಗಂಟು ಕಟ್ಟಿದ್ದು ನಿನ್ನ ಗಾಡಿಯ ಹಳದಿ ಹಗ್ಗ. ನಿನ್ನ ಗಾಡಿಗೆ ಜನ ಚೋಟಾ ಹಾತಿ ಅನ್ನುತ್ತಾರೆ. ಆ ಸಣ್ಣ ಆನೆ ದೊಡ್ಡ ಆನೆಯ ದಂತ ಹೊತ್ತು ಹಾಸನದ ಕಡೆಯಿಂದ ಬರುವಾಗ ಅದಕ್ಕಾದರೂ ನಾಚಿಕೆಯಾಗಿ ದಾರಿಯಲ್ಲಿ ಕೆಟ್ಟು ನಿಲ್ಲಬಾರದಿತ್ತೇ? ಮತ್ತೆ ಕಾಯಿ ಏರಿಸಿದ ದಿನ ನೆನಪಾಯಿತು. ಪ್ರತಿ ವರ್ಷ ನಮ್ಮ ತೋಟದ ಆಳು ದುರ್ಗಯ್ಯ ಕಾಯಿ ಎಸೆದರೆ ನೀನು ಹಿಡಿದು ಜೋಡಿಸುವುದು ಪದ್ಧತಿ. ಈ ಸಲ ನೀನು ಆ ಮೂಲೆಯ ಹತ್ತಿರ ದುರ್ಗಯ್ಯನನ್ನು ಬಿಡಲಿಲ್ಲ, “ನೀವ್ ಕೆಳಗಿರಿ ದುರ್ಗಣ್ಣ, ಬೆನ್ನು ನೋವು ಅಂತಿದ್ರಲ್ಲ” ಎಂದು ಕನಿಕರ ತೋರಿಸಿದೆ. ಅವನು ಅದನ್ನು ಇವತ್ತಿಗೂ ಹೊಗಳುತ್ತಾನೆ.

ಅದೂ ಹೋಗಲಿ. ಅಟ್ಟ ತುಂಬಿದ ದಿನ ನಮ್ಮ ಮನೆಯಲ್ಲಿ ಒಬ್ಬಟ್ಟು. ನೀನು ಹೊಟ್ಟೆ ಸರಿ ಇಲ್ಲ ಎಂದು ತಿನ್ನದೆ ಹೋದೆ. ಒಬ್ಬಟ್ಟಿನ ಮುಂದೆ ನಿನ್ನ ಹೊಟ್ಟೆ ಸರಿ ಇಲ್ಲದ ಪ್ರಸಂಗ ಇತಿಹಾಸದಲ್ಲೇ ಇಲ್ಲ. ಗಂಟಿನೊಳಗೆ ಏನಿದೆ ಎಂದು ತಿಳಿಯದವನಾಗಿದ್ದರೆ ಎರಡು ತಿಂದು, ಮೂರನೆಯದಕ್ಕೆ ತುಪ್ಪ ಕೇಳುತ್ತಿದ್ದೆ. ಅಂದರೆ ನಿನಗೆ ಗೊತ್ತಿತ್ತು ಮಹಾಂತು. ಈ ಒಂದು ಸಾಲು ಬರೆಯುವಾಗ ನನಗೆ ತಮಾಷೆ ಮಾಡಲು ಆಗಲಿಲ್ಲ.

ಮಾವನವರಿಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನೀನು ಫೋನು ತೆಗೆಯುತ್ತೀಯ, ಬರುತ್ತೀಯ, ಮೂವರೂ ಕೂತು ಒಂದು ದಾರಿ ಯೋಚಿಸೋಣ ಎಂದುಕೊಂಡೆವು. ಅಲ್ಲಿಯ ತನಕ ಅದು ಕೆಂದನ ಕೊಂಬೇ ಆಗಿರಲಿ ಎಂದು ಸುಮ್ಮನಾದೆ. ಅವರೋ, ಅದನ್ನು ಜಗುಲಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಬೇಕು, ಹೋಗಿಬರುವವರೆಲ್ಲ ನೋಡಬೇಕು ಎಂದು ಹಟ ಹಿಡಿದರು! ನಿನ್ನ ಭಾವ ಮೊಳೆಯ ಡಬ್ಬಿಯನ್ನು ಅಕ್ಕಿ ಮೂಟೆಯೊಳಗೆ ಬಚ್ಚಿಟ್ಟರು. ನಾನು, “ಮಾವಾ, ಬೆಕ್ಕು ಅದರ ಮೇಲೇ ಮಲಗುತ್ತೆ. ಬಾಣಂತಿ ಜಾಗ ಬದಲಾಯಿಸಬಾರದು. ಮರಿ ಕಣ್ಣು ಬಿಡಲಿ, ಆಮೇಲೆ ತೂಗುಹಾಕೋಣ” ಎಂದೆ. ಬಾಣಂತಿ ಎಂದ ಮೇಲೆ ಮಾವ ಮರುಮಾತಾಡಲಿಲ್ಲ. ಗಂಟು ಮತ್ತೆ ಅಟ್ಟ ಸೇರಿತು, ಮರಿಗಳು ಅದರ ಮೇಲೆ.

ಜಗತ್ತಿನಲ್ಲಿ ಬೆಕ್ಕಿನ ಮರಿ ಕಣ್ಣು ಬಿಡದಿರಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದವಳು ನಾನೊಬ್ಬಳೇ ಇರಬೇಕು.

ಆವತ್ತಿನಿಂದ ಊರಿನವರೆಲ್ಲ ನನಗೆ ಗುಪ್ತಚರರಾಗಿ ಕಾಣತೊಡಗಿದರು. ಸಿಲಿಂಡರ್ ತಂದವನು ಮೇಲೆ ನೋಡಿದ. ಯಾಕೆ ನೋಡಿದ? ಆಶಾ ಕಾರ್ಯಕರ್ತೆ ಮೀನಾ ಬಂದು, “ಮನೇಲಿ ಎಷ್ಟು ಜನ ಅಕ್ಕಾ?” ಅಂದಳು. ಯಾವಾಗಲೂ ಕೇಳುವ ಪ್ರಶ್ನೆಯೇ. ನಾನು “ಮೂರು ಜನ, ಅಟ್ಟದಲ್ಲಿ ಏನೂ ಇಲ್ಲ” ಎಂದುಬಿಟ್ಟೆ. ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿ, “ಬಿ.ಪಿ. ನೋಡ್ಲಾ ಅಕ್ಕಾ?” ಅಂದಳು. ಕುಕ್ಕರ್ ಕೂಗಿದರೆ ಜೀಪು ಬಂದ ಹಾಗೆ. ನಿನ್ನ ಭಾವ ದಯಾನಂದರ ಪಾಡು ಕೇಳಬೇಡ. ಹುಟ್ಟಿದಾರಭ್ಯ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ದಾರಿಯಲ್ಲಿ ಯಾರಾದರೂ “ಚೆನ್ನಾಗಿದೀರಾ ದಯಣ್ಣ?” ಅಂದರೆ ಸಾಕು, ಟವೆಲ್ ಹಿಂಡುವಷ್ಟು ಬೆವರು.

ಆಮೇಲೆ ನಿಜವಾಗಿ ಹೆದರುವಂಥದ್ದೇ ಬಂತು. ಸೋಮವಾರ ಒಂದು ಬಿಳಿ ಕಾರು ತೋಟದ ದಾರಿಯಲ್ಲಿ ಬಂದು ನಿಂತಿತು. ಇಬ್ಬರು ಇಳಿದರು. ಬೂಟು ಬಿಚ್ಚದೆ ಜಗುಲಿ ಹತ್ತಿದರು. “ಅಟ್ಟದ ಕಾಯಿ ಇದ್ದಂಗೇ ತಗೋತೀವಿ, ನಾವೇ ಇಳಿಸ್ಕೋತೀವಿ” ಅಂದರು. ನೀನೇ ಹೇಳು, ಅರೆ ಒಣಗಿದ ಕಾಯಿ ಎಳನೀರಿಗೂ ಇಲ್ಲ, ಕೊಬ್ಬರಿಗೂ ಇಲ್ಲ. ಅದನ್ನು ಕೇಳಿಕೊಂಡು ಬರುವ ವ್ಯಾಪಾರಿ ತಿಪಟೂರು ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನಿನ್ನ ಭಾವ, “ಇನ್ನೂ ಹಸಿ ಸ್ವಾಮಿ” ಅಂದರು. ಒಬ್ಬ ಅಟ್ಟದ ಕಿಂಡಿಯನ್ನೇ ನೋಡುತ್ತಾ, “ಪರವಾಗಿಲ್ಲ, ಶನಿವಾರ ಬತ್ತೀವಿ. ಮಹಾಂತೇಶ್ ಅವರ ಅಕ್ಕ ನೀವೇನಾ?” ಎಂದು ನಕ್ಕ. ಆ ನಗು ಇದೆಯಲ್ಲ, ಅದು ಅವನು ಹೋದ ಮೇಲೂ ಜಗುಲಿಯಲ್ಲೇ ಕೂತಿತ್ತು. ಅವರಿಗೆ ನಮ್ಮ ಮನೆ ತೋರಿಸಿದವನು ತಿಲಕ್ ಅಲ್ಲದೆ ಇನ್ನಾರು? ತಿಲಕ್ ಅತ್ತೆಯ ಮನೆಯಲ್ಲೂ ನಿನ್ನ ಜೊತೆ ಉಂಡುಹೋಗಿದ್ದಾನೆ ಎಂಬುದನ್ನು ಇಲ್ಲಿ ಸುಮ್ಮನೆ ಜ್ಞಾಪಿಸುತ್ತೇನೆ.

ಇತ್ತ ನಾವು ಬಾಗಿಲು ಕಿಟಕಿ ಹಾಕಿಕೊಂಡು ಕೂತಿದ್ದರೆ, ಅತ್ತ ಬುಧವಾರ ಮಾವ ತಿಪಟೂರಿನ ಮಾರ್ಕೆಟ್ಟಿಗೆ ಹೊರಟರು. ಮಾರಲು ಒಂದು ಹೋಳು ಕೊಬ್ಬರಿ ಇಲ್ಲದಿದ್ದರೂ ಹರಾಜಿನ ದಿನ ಅವರು ಅಲ್ಲಿರಬೇಕು. ಅವರಿಲ್ಲದೆ ರೇಟು ಏರುವುದಿಲ್ಲ ಎಂಬ ನಂಬಿಕೆ. ಅಲ್ಲಿ ಹೋಟೆಲಿನ ಬೆಂಚಿನ ಮೇಲೆ ಕೂತು, ಕೈ ಅಗಲಿಸಿ ತೋರಿಸಿ, ಕೆಂದನ ಕೊಂಬು ಸಿಕ್ಕಿದ ಪುರಾಣವನ್ನು ಆದ್ಯಂತವಾಗಿ ಹೇಳಿದ್ದಾರೆ. “ಹಾಲಿನಂಗೆ ಬೆಳ್ಳಗೈತೆ, ಒಬ್ಬ ಎತ್ತಕಾಗಲ್ಲ” ಎಂದಿದ್ದಾರೆ. ಎತ್ತಿನ ಕೊಂಬು ಹಾಲಿನ ಹಾಗೆ ಬೆಳ್ಳಗಿರುವುದು ಎಲ್ಲರಿಗೂ ತಮಾಷೆಯಾಗಿ ಕಂಡಿದೆ. ಯಾರೋ ಒಬ್ಬರಿಗೆ ಮಾತ್ರ ಕಂಡಿಲ್ಲ.

ಗುರುವಾರ, ಅಂದರೆ ನಿನ್ನೆ ಮಧ್ಯಾಹ್ನ, ನಾನು ಮುದ್ದೆ ತಿರುವುತ್ತಿದ್ದೆ. ಈ ಸಲ ಕೂಗಿದ್ದು ಕುಕ್ಕರ್ ಅಲ್ಲ, ಜೀಪೇ. ಅರಣ್ಯ ಇಲಾಖೆಯವರು. ಅವರಿಗೆ ಹಿರಿಯರು ವರ್ಷಿಣಿ ಎಂಬ ಮೇಡಂ, ನನಗಿಂತ ಚಿಕ್ಕವರು. ಚಪ್ಪಲಿ ಬಿಟ್ಟು ಒಳಗೆ ಬಂದರು. ಬೂಟು ಹಾಕಿದ್ದವರಿಗಿಂತ ಇವರನ್ನು ಕಂಡು ನನಗೆ ಹೆಚ್ಚು ಭಯವಾಯಿತು. ಅಟ್ಟ ನೋಡಬೇಕು ಅಂದರು. ಅವರ ಕಡೆಯವರೊಬ್ಬರು ಮೇಲೆ ಹತ್ತಿ ಮರಿಗಳನ್ನು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟು, ಆಮೇಲೆ ಗಂಟು ಇಳಿಸಿದರು. ಗೋಣಿ ಬಿಚ್ಚಿದರು. ನನ್ನ ಮಡಿಲಲ್ಲಿ ಮರಿಗಳು ಕುಂಯ್ಗುಡುತ್ತಿದ್ದವು.

“ಇದು ಯಾರದ್ದು?” ಎಂದರು ಮೇಡಂ.

ನಾನು ಮರಿಗಳ ಮೇಲೆ ಸೆರಗು ಮುಚ್ಚಿದೆ. ನಿನ್ನ ಭಾವ ಬಾಯಿ ತೆರೆದರು, ಬರೀ ಗಾಳಿ ಬಂತು. ಆಗ ಮಾವ ಕೋಲೂರಿ ಎದ್ದು ನಿಂತರು.

“ನಂದು. ನಮ್ ಕೆಂದನ ಕೊಂಬು.”

“ಅಜ್ಜಾ, ಇದು ಆನೆ ದಂತ.”

“ನೀವ್ ನಮ್ ಕೆಂದನ್ನ ನೋಡಿದ್ರಾ?”

“ಇಲ್ಲ ಅಜ್ಜಾ.”

“ಮತ್ತೆ? ನೋಡ್ದಲೆ ಹೆಂಗವ್ವಾ ಯೋಳ್ತೀಯ?”

ಮೇಡಂಗೆ ನಗು ಬಂತು, ನುಂಗಿಕೊಂಡರು. ಎಷ್ಟು ಸಲ ಕೇಳಿದರೂ ಮಾವ ಒಂದೇ ಪಟ್ಟು. ನನ್ನದು, ನಾನೇ ಇಟ್ಟೆ, ಯಾವನಿಗೂ ಸಂಬಂಧವಿಲ್ಲ. ಅದನ್ನೇ ಬರೆದುಕೊಂಡು ಹೆಬ್ಬೆಟ್ಟು ತೆಗೆದುಕೊಂಡರು. ಸಹಿ ಮಾಡಲು ಬರುವ ಮಾವ ಬೇಕೆಂದೇ ಹೆಬ್ಬೆಟ್ಟು ಒತ್ತಿದರು. ಹಾಗೆ ನಮ್ಮ ಮರುಳಸಿದ್ದಯ್ಯನವರು ಪಂಚೆ ಶಲ್ಯ ಸಮೇತ, ಮದುವೆಗೆ ಹೊರಟವರಂತೆ ಜೀಪು ಹತ್ತಿದರು. ಹಿಂದೆ ಬೈಕಿನಲ್ಲಿ ನಾನು ಮತ್ತು ನಿನ್ನ ಭಾವ.

ಆಫೀಸಿನಲ್ಲಿ ಮೇಡಂ ಒಂದು ಫೋಟೊ ತೋರಿಸಿದರು. ಕಾಫಿ ತೋಟದ ಅಂಚು. ತಂತಿಗೆ ಕರೆಂಟು ಹರಿಸಿ ಕೊಂದಿದ್ದರಂತೆ. ಆನೆ ಮಗ್ಗುಲಾಗಿ ಬಿದ್ದಿತ್ತು. ಅದರ ಮುಖದ ಬಗ್ಗೆ ನಾನು ಬರೆಯುವುದಿಲ್ಲ. ನೀನು ಆ ಫೋಟೊ ನೋಡಿಲ್ಲ, ಆದರೆ ಆ ಮುಖದಿಂದ ಕತ್ತರಿಸಿ ತೆಗೆದದ್ದನ್ನು ಹೊತ್ತಿದ್ದೀಯ. ಮಾವ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆನೆ ಎಷ್ಟು ಕಂಡಿತೋ ಏನೋ, ಅದರ ಕಾಲಿನ ಸುತ್ತಲಿನ ನೆಲದ ಮೇಲೆ ಬೆರಳಿಟ್ಟರು.

“ನೆಲ ಉತ್ತಂಗೈತಲ್ಲವ್ವ,” ಅಂದರು. “ಇಷ್ಟೊತ್ತು ಒದ್ದಾಡ್ತಾ ಇದು?”

ಅಲ್ಲಿಂದಾಚೆಗೆ ಅವರು ಕಾಫಿ ಮುಟ್ಟಲಿಲ್ಲ. ನನ್ನನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಹೇಳಿದರು. “ಎತ್ತಿನ ಕೊಂಬು ಯಾವ್ದು ಅಂತ ತಿಳೀದೇ ಇರೋಷ್ಟು ಮುದುಕ ಆಗಿಲ್ಲ ಕಣವ್ವ ನಾನು. ಮೊದ್ಲು ದಿನ ಖುಸಿಗೆ ಕೆಂದಂದೇ ಅನ್ಕಂಡೆ. ಮಾರ್ಕೆಟ್ಟಿಂದ ಬರ್ತಾ ಬಸ್ಸಿನಾಗೆ ಗ್ಯಾನ ಬಂತು. ಕೆಂದನ ಕೊಂಬಿಗೆ ಹಿತ್ತಾಳೆ ಕಳಸ ಹಾಕ್ಸಿದ್ದೆ, ಅದ್ರ ಗುರ್ತು ಎಲ್ಲಿ? ಆ ಮೂಲೇಲಿ ಕಾಯಿ ಜೋಡ್ಸಿದ್ದು ಯಾರು? ಅಷ್ಟೊತ್ತಿಗೆ ನನ್ ಬಾಯಿ ನನ್ನ ಮಾತು ಕೇಳ್ದೆ ಊರೆಲ್ಲಾ ಸಾರ್ಬಿಟ್ಟಿತ್ತು.”

ಮತ್ತೆ ಯಾಕೆ ಮಾವ ನಿಮ್ಮದು ಅಂದಿರಿ, ಕೋರ್ಟಿಗೆ ಕರಕೊಂಡು ಹೋಗುತ್ತಾರೆ, ಈ ವಯಸ್ಸಿಗೆ ಇದು ಬೇಕಾ ಎಂದು ನಾನು ಅತ್ತುಬಿಟ್ಟೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಬೆಂಚಿನ ಮೇಲೆ, ತಮ್ಮ ಪಕ್ಕದ ಖಾಲಿ ಜಾಗದಲ್ಲಿ ಹಾಸಿದರು.

“ನಾನು ಟವೆಲ್ ಹಾಕಿ ಸೀಟು ಹಿಡ್ದಿದೀನಿ ಕಣವ್ವ, ಅಷ್ಟೇಯ. ಜಾಗ ಅವಂದು. ಅವ್ನು ಬತ್ತಾನೆ. ಬಂದ್ಮೇಲೆ ನಾನು ಎದ್ದೋಯ್ತೀನಿ. ಯಾರೋ ಹಿಡ್ಕೊಂಡ್ ಬಂದ್ರು ಅನ್ನಿಸ್ಕಬಾರ್ದು. ಅವ್ನೇ ಬಂದ ಅನ್ನಿಸ್ಕಬೇಕು. ಅದ್ಕೇಯ.”

ಇದನ್ನು ಕೇಳಿ ನಿನ್ನ ಭಾವ ಹೊರಗೆ ಹೋಗಿ ಬೈಕು ಒರೆಸತೊಡಗಿದರು. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಡಂ ನನ್ನನ್ನು ಪಕ್ಕದ ಕೋಣೆಗೆ ಕರೆದು, “ಅಜ್ಜ ಹೇಳಿದ್ದು ಯಾವುದನ್ನೂ ನಾನು ನಂಬಿಲ್ಲ. ಆದರೆ ಹೇಳಿಕೆ ಕೊಟ್ಟಿದ್ದಾರೆ. ನಾಳೆ ಮಧ್ಯಾಹ್ನದೊಳಗೆ ಯಾರನ್ನಾದರೂ ನಾನು ಕೋರ್ಟಿನ ಮುಂದೆ ನಿಲ್ಲಿಸಲೇಬೇಕು. ನಿಮಗೆ ಏನಾದರೂ ಹೇಳೋದಿದೆಯಾ?” ಅಂದರು. ನಾನು ಕುಡಿಯಲು ನೀರು ಕೇಳಿದೆ.

ಆ ನಾಳೆ ಇವತ್ತು, ಮಹಾಂತು. ರಾತ್ರಿಯೆಲ್ಲ ಮಾವ ಆ ಬೆಂಚಿನ ಮೇಲೇ ಮಲಗಿದ್ದಾರೆ. ನಿನ್ನ ಭಾವ ಜೊತೆಗಿದ್ದಾರೆ. ಬೆಳಿಗ್ಗೆ ಮಾವ ಬಿ.ಪಿ. ಮಾತ್ರೆ ತೆಗೆದುಕೊಂಡಿದ್ದಾರೆ, ತಿಂಡಿ ತಿಂದಿಲ್ಲ. ಅಲ್ಲಿನ ಗಾರ್ಡೊಬ್ಬನ ಮನೆಯ ತೆಂಗಿಗೆ ನುಸಿ ಬಿದ್ದಿದೆಯಂತೆ, ಅವನಿಗೆ ಬೇವಿನ ಹಿಂಡಿ ಎಷ್ಟು ಹಾಕಬೇಕು ಎಂದು ಪಾಠ ಮಾಡುತ್ತಿದ್ದಾರಂತೆ. ಟವೆಲ್ ಇನ್ನೂ ಹಾಸಿಯೇ ಇದೆ. ಅದರ ಮೇಲೆ ಯಾರನ್ನೂ ಕೂರಲು ಬಿಟ್ಟಿಲ್ಲವಂತೆ.

ನೀನು ಬಾ. ಬಂದರೆ ಶಿಕ್ಷೆಯಾಗುವುದಿಲ್ಲ ಎಂದು ನಾನು ಪುಸಲಾಯಿಸುವುದಿಲ್ಲ. ಆಗಬಹುದು. ಆಗಬೇಕು ಕೂಡ. ಫೋಟೊ ನೋಡಿದ ಮೇಲೆ ಅಕ್ಕನ ಬಾಯಲ್ಲಿ ಬೇರೆ ಮಾತು ಬರುತ್ತಿಲ್ಲ. ಆದರೆ ತಿಲಕ್ ಯಾರು, ಆ ಬಿಳಿ ಕಾರಿನವರು ಯಾರು, ಆ ತಂತಿ ಹಾಕಿದವರು ಯಾರು ಎಂದು ಹೇಳಬಲ್ಲವನು ನೀನೊಬ್ಬನೇ. ಹೇಳದೆ ಹೋದರೆ ಇನ್ನೊಂದು ಕಾಫಿ ತೋಟದ ಅಂಚಿನಲ್ಲಿ ಇನ್ನೊಂದು ನೆಲ ಉತ್ತ ಹಾಗಾಗುತ್ತದೆ. ನಾಳೆ ಶನಿವಾರ ಆ ಕಾರು ಮತ್ತೆ ಬರುತ್ತದೆ. ಇಲ್ಲಿ ಸಿಗದಿದ್ದರೆ ನಿನ್ನನ್ನು ಹುಡುಕುತ್ತದೆ. ಅವರು ಬರುವ ಮೊದಲು ನೀನೇ ಬಂದು ನಿಲ್ಲುವುದು ಮೇಲು. ಜೈಲಾದರೆ ನೋಡಲು ಬರುತ್ತೇನೆ, ಒಳಗೆ ತರಲು ಬಿಟ್ಟರೆ ಒಬ್ಬಟ್ಟೂ ತರುತ್ತೇನೆ. ಹೊಟ್ಟೆ ಸರಿ ಇಲ್ಲ ಅಂದರೆ ಮಾತ್ರ ಕೇಳುವುದಿಲ್ಲ.

ಈಜು ಕಲಿಸುವಾಗ ನಿನ್ನ ಸೊಂಟಕ್ಕೆ ಎರಡು ಒಣಗಾಯಿ ಕಟ್ಟಿ ಬಾವಿಗೆ ಇಳಿಸುತ್ತಿದ್ದೆನಲ್ಲ. ಹಗ್ಗದ ತುದಿ ನನ್ನ ಕೈಯಲ್ಲಿ. “ಅಕ್ಕಾ ಬುಟ್ಬುಡ್ಬೇಡ, ಬುಟ್ಬುಡ್ಬೇಡ” ಎಂದು ಬಾವಿಯೇ ಬಿರಿಯುವ ಹಾಗೆ ಕೂಗುತ್ತಿದ್ದೆ. ಒಂದು ದಿನವಾದರೂ ಬಿಟ್ಟಿದ್ದೇನೆಯೇ?

ಬಸ್ಸು ಎಷ್ಟು ಹೊತ್ತಿಗೆ, ಹುಳಿಯಾರಿನಲ್ಲಿ ಇಳಿದು ಹೇಗೆ ಬರುವುದು ಎಂಬ ಚಿಂತೆ ಬೇಡ. ಅದರ ಏರ್ಪಾಡು ಆಗಿದೆ.

ಇಂತಿ,
ಹಗ್ಗ ಹಿಡಿದುಕೊಂಡೇ ಇರುವ ನಿನ್ನ ಅಕ್ಕ,
ಸೌಮ್ಯ

ಮರೆತ ಮಾತು: ಹೊರಗೆ ಹಾರನ್ ಆಗುತ್ತಿದೆ, ಬೇಗ ಬರೆಯುತ್ತೇನೆ. ನೀರು ಕುಡಿದ ಮೇಲೆ ನಾನು ಮೇಡಂಗೆ ಎಲ್ಲ ಹೇಳಿದೆ. ನಿನ್ನ ಹೆಸರು, ಅತ್ತೆಯ ಮನೆ, ಕರಿಯನ ಸೀನು, ಎಲ್ಲ. ಅವರು ನಿನ್ನೆಯೇ ನಿನ್ನನ್ನು ಹಿಡಿಯಲು ಹೊರಟಿದ್ದರು. ನಾನು ಕೈ ಮುಗಿದೆ. ಒಂದು ಕಾಗದ ಓದುವಷ್ಟು ಹೊತ್ತು ಕೊಡುತ್ತೇನೆ, ತಾನಾಗಿ ನಡೆದು ಬಂದರೆ ತಾನಾಗಿ ಬಂದ ಎಂದೇ ಬರೆಯುತ್ತೇನೆ ಎಂದರು. ಈ ಕಾಗದವನ್ನು ಅತ್ತೆಯ ಕೈಗೆ ಕೊಟ್ಟ ಹೆಣ್ಣುಮಗಳು ಅವರೇ. ಈಗ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಇರುತ್ತಾರೆ. ಹಿತ್ತಿಲ ಬಾಗಿಲಿನ ಕಡೆ ನೋಡಬೇಡ. ಅಲ್ಲಿರುವುದು ಹಿನ್ನೀರು, ಕಾಯಿ ಕಟ್ಟದೆ ನಿನಗೆ ಇವತ್ತಿಗೂ ಈಜು ಬಾರದು. ಮೂರನೆಯ ಮರಿ ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟಿತು, ಈ ಕಾಗದ ಶುರು ಮಾಡಿದ ಮೇಲೆ. ಇನ್ನೊಂದು ಸಣ್ಣ ಉಪಕಾರ ಮಾಡು. ಬಾಗಿಲು ತೆಗೆಯುವ ಮೊದಲು ಕರಿಯನನ್ನು ಕಂಬಕ್ಕೆ ಭದ್ರವಾಗಿ ಕಟ್ಟಿಹಾಕು. ಖಾಕಿ ಕಂಡರೆ ಅದಕ್ಕಾಗದು, ಮೇಡಂ ಪಕ್ಕದಲ್ಲೇ ನಾನೂ ನಿಂತಿರುತ್ತೇನೆ.